ಯಂತ್ರ ತಪ್ಪಿದೆಯೋ, ಹಾಲು ತಪ್ಪಿದೆಯೋ?
ಸಂಘದ ಪರೀಕ್ಷಾ ಯಂತ್ರ ಮತ್ತು ತೂಕದ ಯಂತ್ರದ ದೋಷಗಳನ್ನು ಪತ್ತೆ ಮಾಡುವ ಬಗೆ



ಗ್ರಾಮ ಭೇಟಿಗೆ ಬಂದಾಗ ಕೆಚ್ಚಲು ಬಾವಿನ ವಿಚಾರಕ್ಕಿಂತಲೂ ಹೆಚ್ಚಾಗಿ ಈಗ ನನ್ನ ಕಿವಿಗೆ ಬೀಳುವ ದೂರು ಒಂದಿದೆ. "ಡಾಕ್ಟ್ರೇ, ನೆನ್ನೆ ಫ್ಯಾಟು 4.2 ಇತ್ತು, ಇವತ್ತು 3.6 ಅಂತ ಚೀಟಿ ಬಂದಿದೆ. ಹಸು ಅದೇ, ಮೇವು ಅದೇ, ಕರೆದೋಳೂ ನಾನೇ. ಮಿಷಿನ್ನೇ ಕೆಟ್ಟೋಗಿದೆ." ಅದೇ ಸಂಘದ ಹಾಲು ಪರೀಕ್ಷಕರನ್ನು ಕೇಳಿದರೆ, "ಮಿಷಿನ್ ಚೆನ್ನಾಗಿದೆ ಸಾರ್, ಹಾಲೇ ಸರಿಯಿಲ್ಲ" ಎನ್ನುತ್ತಾರೆ. ಮಾತಿಗೆ ಮಾತು ಬೆಳೆದು, ಒಂದೆರಡು ಮನೆಯವರು ಸಂಘಕ್ಕೆ ಹಾಲು ಹಾಕುವುದನ್ನೇ ಬಿಟ್ಟು ಖಾಸಗಿಯವರಿಗೆ ಹಾಕಲು ತೊಡಗುವುದೂ ಉಂಟು.

ಇಂತಹ ಜಗಳದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಹಾಲು ಒಂದು ದಿನದಿಂದ ಇನ್ನೊಂದು ದಿನಕ್ಕೆ ನಿಜವಾಗಿಯೂ ವ್ಯತ್ಯಾಸವಾಗುತ್ತದೆ. ಯಂತ್ರವೂ ತಪ್ಪುತ್ತದೆ. ಯಾವುದು ತಪ್ಪಿದೆ ಎಂದು ತಿಳಿಯಲು ಇಂಜಿನಿಯರ್ ಬರುವ ತನಕ ಕಾಯಬೇಕಾಗಿಲ್ಲ. ಒಂದು ಬಾಟಲಿ ಹಾಲು, ಒಂದು ಬಾಟಲಿ ಶುದ್ಧ ನೀರು, ಹತ್ತು ದಿನದ ಚೀಟಿಗಳು ಇದ್ದರೆ ಬಹುಪಾಲು ದೋಷಗಳನ್ನು ಸಂಘದ ಕಟ್ಟಡದಲ್ಲಿಯೇ ಗುರುತಿಸಬಹುದು. ಹೇಗೆಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ. ಇದು ಕಾರ್ಯದರ್ಶಿಗಳಿಗೂ ಪರೀಕ್ಷಕರಿಗೂ ಮಾತ್ರ ಬರೆದದ್ದಲ್ಲ. ಚೀಟಿ ಹಿಡಿದು ಮನೆಗೆ ಹೋಗುವ ಪ್ರತಿಯೊಬ್ಬ ಸದಸ್ಯರೂ ಓದಬೇಕು, ಏಕೆಂದರೆ ಆ ಚೀಟಿಯ ಮೇಲೆಯೇ ನಿಮ್ಮ ಬಟವಾಡೆ ನಿಂತಿದೆ.

ಯಂತ್ರ ಏನನ್ನು ಅಳೆಯುತ್ತದೆ?

1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಹೈನು ಅಭಿವೃದ್ಧಿ ಯೋಜನೆ ಪ್ರಾರಂಭವಾಗಿ, ಆನಂದ್ ಮಾದರಿಯ ಸಂಘಗಳು ಹುಟ್ಟಿಕೊಂಡ ಕಾಲದಲ್ಲಿ ಜಿಡ್ಡಿನ ಪರೀಕ್ಷೆ ಎಂದರೆ ಗರ್ಬರ್ ಪರೀಕ್ಷೆ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಎಂಬುವರು 1891ರಲ್ಲಿ ರೂಪಿಸಿದ ವಿಧಾನ ಇದು. ಬ್ಯುಟಿರೋಮೀಟರಿಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ನಿಮಿಷಕ್ಕೆ 1100 ಸುತ್ತಿನಂತೆ 5 ನಿಮಿಷ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿಟ್ಟು ಓದಬೇಕು. ಆಮ್ಲವು ಜಿಡ್ಡನ್ನುಳಿದು ಮಿಕ್ಕೆಲ್ಲವನ್ನೂ ಕರಗಿಸಿಬಿಡುತ್ತದೆ. ಮೇಲೆ ತೇಲುವ ಚಿನ್ನದ ಬಣ್ಣದ ಕಂಬವೇ ಜಿಡ್ಡು. ಅದು ಕಣ್ಣಿಗೆ ಕಾಣುತ್ತಿತ್ತು. ಆದ್ದರಿಂದ ಜಗಳ ಕಡಿಮೆ.

ಆಮೇಲೆ ಡೆನ್ಮಾರ್ಕಿನಲ್ಲಿ 1960ರ ದಶಕದಲ್ಲಿ ರೂಪುಗೊಂಡ ಮಿಲ್ಕೋಟೆಸ್ಟರ್ ನಮ್ಮ ದೇಶದ ಸಂಘಗಳಿಗೂ ಬಂದಿತು. ಹಾಲನ್ನು ಒಂದು ದ್ರಾವಣದಲ್ಲಿ ತೆಳುವಾಗಿಸಿ, ಜಿಡ್ಡಿನ ಕಣಗಳನ್ನು ಸಣ್ಣಗೆ ಒಡೆದು, ಅದರ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ಚದುರಿತು ಎಂಬುದರಿಂದ ಜಿಡ್ಡನ್ನು ಲೆಕ್ಕ ಹಾಕುವ ಯಂತ್ರ ಅದು. 2012ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಡೇರಿ ಯೋಜನೆಯ ಮೊದಲ ಹಂತದಲ್ಲಿ ನಮ್ಮ ರಾಜ್ಯವೂ ಸೇರಿದಂತೆ ಹಲವು ರಾಜ್ಯಗಳ ಸಂಘಗಳಿಗೆ ತೂಕ, ಪರೀಕ್ಷೆ, ಚೀಟಿ ಮೂರನ್ನೂ ಒಟ್ಟಿಗೆ ಮಾಡುವ ಸ್ವಯಂಚಾಲಿತ ಹಾಲು ಶೇಖರಣಾ ಘಟಕಗಳು ಬಂದವು. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಶ್ರವಣಾತೀತ ಧ್ವನಿಯಿಂದ, ಅಂದರೆ ನಮ್ಮ ಕಿವಿಗೆ ಕೇಳಿಸದ ಶಬ್ದದಿಂದ ಕೆಲಸ ಮಾಡುವ ಯಂತ್ರ.

ಇದರ ಗುಟ್ಟು ಸರಳವಾಗಿದೆ. ನೀರು ಬಿಸಿಯಾದಂತೆ ಅದರೊಳಗೆ ಶಬ್ದ ಹೆಚ್ಚು ವೇಗವಾಗಿ ಓಡುತ್ತದೆ. ಜಿಡ್ಡು ಬಿಸಿಯಾದಂತೆ ಶಬ್ದದ ವೇಗ ಕಡಿಮೆಯಾಗುತ್ತದೆ. ಹಾಲಿನಲ್ಲಿರುವ ಸಕ್ಕರೆ, ಸಸಾರಜನಕ, ಲವಣಗಳು, ಅಂದರೆ ನಾವು ಎಸ್.ಎನ್.ಎಫ್. ಎನ್ನುವ ಜಿಡ್ಡೇತರ ಘನಾಂಶ ಹೆಚ್ಚಾದರೆ ವೇಗವೂ ಹೆಚ್ಚುತ್ತದೆ. ಯಂತ್ರವು ನಿಮ್ಮ ಹಾಲನ್ನು ಎರಡು ಬೇರೆ ಬೇರೆ ಉಷ್ಣತೆಗೆ ಬಿಸಿ ಮಾಡಿ, ಎರಡು ಸಲ ಶಬ್ದದ ವೇಗ ನೋಡಿ, ಅದರಿಂದ ಜಿಡ್ಡು ಇಷ್ಟು, ಘನಾಂಶ ಇಷ್ಟು ಎಂದು ಲೆಕ್ಕ ಕಟ್ಟುತ್ತದೆ. ಅದು ಜಿಡ್ಡನ್ನು ಕಾಣುವುದಿಲ್ಲ. ಶಬ್ದ ಕೇಳಿ ಜಿಡ್ಡನ್ನು ಊಹಿಸುತ್ತದೆ. ಆದುದರಿಂದ ಶಬ್ದದ ದಾರಿಗೆ ಅಡ್ಡ ಬರುವ ಯಾವುದೇ ವಸ್ತು, ಅದು ಗಾಳಿಯ ಗುಳ್ಳೆಯಿರಲಿ, ಕೊಳವೆಯ ಒಳಗೆ ಕಟ್ಟಿದ ಗಾರೆಯಿರಲಿ, ಉಳಿದ ನೀರಿರಲಿ, ಯಂತ್ರವನ್ನು ದಾರಿ ತಪ್ಪಿಸುತ್ತದೆ. ಉಪ್ಪು, ಸಕ್ಕರೆ ಬೆರೆಸಿದವರ ಹಾಲಿಗೆ ಇದೇ ಯಂತ್ರ ಒಳ್ಳೆಯ ಎಸ್.ಎನ್.ಎಫ್. ಕೊಟ್ಟುಬಿಡುವುದೂ ಇದೇ ಕಾರಣಕ್ಕೆ. ಅಂಥವರನ್ನು ಹಿಡಿಯಲು ಬೇರೆ ಪರೀಕ್ಷೆಗಳಿವೆ, ಅದು ಇಲ್ಲಿಯ ವಿಷಯವಲ್ಲ.

ಎರಡು ಬಗೆಯ ತಪ್ಪು

ಮನೆಯಲ್ಲಿ ಎರಡು ಗಡಿಯಾರಗಳಿವೆ ಎಂದಿಟ್ಟುಕೊಳ್ಳಿ. ಒಂದು ಯಾವಾಗಲೂ 10 ನಿಮಿಷ ಮುಂದೆ. ಇನ್ನೊಂದು ಒಂದು ದಿನ ಮುಂದೆ, ಒಂದು ದಿನ ಹಿಂದೆ. ಮೊದಲನೆಯದನ್ನು ಮುಳ್ಳು ತಿರುಗಿಸಿ ಸರಿಪಡಿಸಬಹುದು. ಎರಡನೆಯದರ ಮುಳ್ಳು ತಿರುಗಿಸಿ ಪ್ರಯೋಜನವಿಲ್ಲ, ಒಳಗೇ ಏನೋ ಕೆಟ್ಟಿದೆ. ಹಾಲಿನ ಯಂತ್ರದ ದೋಷಗಳೂ ಹೀಗೆಯೇ ಎರಡು ಬಗೆ. ಇದನ್ನು ಮೊದಲು ಬೇರ್ಪಡಿಸದೆ ಮುಂದಿನ ಹೆಜ್ಜೆ ಇಡಬಾರದು. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಇಲ್ಲಿಯೇ.

ಬೇರ್ಪಡಿಸುವ ಕ್ರಮ ಹೀಗೆ. ಯಾರದಾದರೂ ಒಬ್ಬರ ಹಾಲನ್ನು ಸುಮಾರು ಕಾಲು ಲೀಟರ್ ತೆಗೆದುಕೊಳ್ಳಿ. ಅಲುಗಾಡಿಸಿ ನೊರೆ ಎಬ್ಬಿಸಬೇಡಿ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಐದಾರು ಸಲ ಹುಯ್ದು ಬೆರೆಸಿ, ಎರಡು ಮೂರು ನಿಮಿಷ ಬಿಡಿ. ಅದೇ ಹಾಲನ್ನು ಯಂತ್ರಕ್ಕೆ ನಾಲ್ಕು ಸಲ ಕೊಡಿ. ಮೊದಲನೆಯ ಓದನ್ನು ಲೆಕ್ಕಕ್ಕೆ ಹಿಡಿಯಬೇಡಿ (ಏಕೆಂದು ಮುಂದೆ ಹೇಳುತ್ತೇನೆ). ಉಳಿದ ಮೂರು ಓದುಗಳಲ್ಲಿ ಜಿಡ್ಡಿನ ವ್ಯತ್ಯಾಸ 0.1ಕ್ಕಿಂತ ಹೆಚ್ಚಿರಬಾರದು. 3.9, 4.0, 3.9 ಬಂದರೆ ಯಂತ್ರ ತನ್ನ ಮಾತಿಗೆ ತಾನು ಬದ್ಧವಾಗಿದೆ ಎಂದರ್ಥ. 3.6, 4.2, 3.8 ಎಂದು ಬಂದರೆ ಅದು ಎರಡನೆಯ ಗಡಿಯಾರ. ಅಂತಹ ಯಂತ್ರದ ಮೇಲೆ ಅಂದಿನ ಬಟವಾಡೆ ಲೆಕ್ಕ ಹಾಕುವುದು ಅನ್ಯಾಯ.

ಯಂತ್ರ ತನ್ನ ಮಾತಿಗೆ ಬದ್ಧವಾಗಿದ್ದೂ ತಪ್ಪು ಹೇಳುತ್ತಿರಬಹುದು. ಅದನ್ನು ತಿಳಿಯಲು ಗರ್ಬರ್ ಪರೀಕ್ಷೆಯೇ ಬೇಕು. ಜಿಡ್ಡು ಕಡಿಮೆಯಿರುವ ಹಾಲು ಒಂದು, ಮಧ್ಯಮದ್ದು ಒಂದು, ಹೆಚ್ಚಿರುವುದು ಒಂದು, ಹೀಗೆ ಮೂರು ಮಾದರಿ ಆರಿಸಿ ಯಂತ್ರದಲ್ಲಿ ಓದಿ ಬರೆದುಕೊಂಡು, ಅವೇ ಬಾಟಲಿಗಳನ್ನು ಐಸಿನಲ್ಲಿಟ್ಟು ಗರ್ಬರ್ ಸೌಕರ್ಯವಿರುವ ಶೀತಲ ಕೇಂದ್ರಕ್ಕೋ ಒಕ್ಕೂಟದ ಪ್ರಯೋಗಾಲಯಕ್ಕೋ ಅಂದೇ ಕಳುಹಿಸಿ. ಮೂರರಲ್ಲಿಯೂ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ವ್ಯತ್ಯಾಸವಿದ್ದರೆ ಅದು ಮೊದಲನೆಯ ಗಡಿಯಾರ, ತಂತ್ರಜ್ಞರು ಹೊಂದಿಸಿ ಸರಿಪಡಿಸುತ್ತಾರೆ. ಕಡಿಮೆ ಜಿಡ್ಡಿನಲ್ಲಿ ಸರಿಯಿದ್ದು ಹೆಚ್ಚು ಜಿಡ್ಡಿನಲ್ಲಿ ಮಾತ್ರ ತಪ್ಪುತ್ತಿದ್ದರೆ ಆ ವಿವರವನ್ನೂ ಅವರಿಗೆ ತಿಳಿಸಬೇಕು, ಹೊಂದಿಸುವ ರೀತಿ ಬೇರೆ. ಎಮ್ಮೆ ಹಾಲಿಗೆ ಯಂತ್ರದಲ್ಲಿ ಬೇರೆಯೇ ಗುಂಡಿ ಇರುತ್ತದೆ. ಎಮ್ಮೆ ಹಾಲನ್ನು ಹಸುವಿನ ಗುಂಡಿಯಲ್ಲಿ ಪರೀಕ್ಷಿಸಿ ತಪ್ಪು ಬಂತೆಂದರೆ ಅದು ಯಂತ್ರದ ದೋಷವಲ್ಲ.

ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುವವರ ಕಷ್ಟ

ಮೈಸೂರು ನಗರಕ್ಕೆ ಹತ್ತಿರದ ಒಂದು ಸಂಘ. ಹೆಸರು ಬೇಡ. ಅಲ್ಲಿ ಎರಡು ಸೀಮೆ ಹಸು ಸಾಕಿಕೊಂಡು ಮನೆ ನಡೆಸುವ ಒಬ್ಬ ತಾಯಿಯ ಹಾಲಿಗೆ ಎಂಟು ದಿನ ಬೆಳಗ್ಗೆ ಎಸ್.ಎನ್.ಎಫ್. 8.0 ಆಸುಪಾಸಿನಲ್ಲಿಯೇ ಬಂದಿತ್ತು. ಆಹಾರ ಸುರಕ್ಷತಾ ನಿಯಮದಂತೆ ಹಸುವಿನ ಹಾಲಿನಲ್ಲಿ ಜಿಡ್ಡು ಕನಿಷ್ಠ 3.2, ಎಸ್.ಎನ್.ಎಫ್. ಕನಿಷ್ಠ 8.3 ಇರಬೇಕು. "ನೀರು ಹಾಕ್ತಾರೆ" ಎಂದು ಊರೆಲ್ಲ ಮಾತಾಯಿತು. ಆಡಳಿತ ಮಂಡಳಿಯ ಸಭೆಯಲ್ಲಿ ಆಕೆಯ ಹಾಲನ್ನು ನಿಲ್ಲಿಸುವ ವಿಷಯ ಚರ್ಚೆಗೆ ಬರುವುದಿತ್ತು. ಸಂಜೆಯ ಚೀಟಿಗಳನ್ನು ತರಿಸಿ ನೋಡಿದರೆ ಅದೇ ಹಸುಗಳ ಹಾಲು 8.4, 8.5! ನೀರು ಹಾಕುವವರು ಬೆಳಗ್ಗೆ ಮಾತ್ರ ಏಕೆ ಹಾಕುತ್ತಾರೆ?

ವಿಚಾರಿಸಿದಾಗ ತಿಳಿದದ್ದು ಇಷ್ಟು. ಆಕೆಗೆ ಹಾಲು ಹಾಕಿದ ಮೇಲೆ ನಗರದಲ್ಲಿ ಮನೆಗೆಲಸಕ್ಕೆ ಹೋಗಬೇಕು. ಹಾಗಾಗಿ ದಿನವೂ ಸಾಲಿನಲ್ಲಿ ಆಕೆಯೇ ಮೊದಲು. ಸಂಜೆ ಅವಸರವಿಲ್ಲದ್ದರಿಂದ ನಡುವೆ ಎಲ್ಲೋ ಬರುತ್ತಿದ್ದರು. ಪರೀಕ್ಷಕರು ಬೆಳಗ್ಗೆ ಯಂತ್ರವನ್ನು ನೀರಿನಿಂದ ತೊಳೆದು, ನೇರವಾಗಿ ಮೊದಲ ಸದಸ್ಯರ ಹಾಲನ್ನೇ ಎಳೆಸುತ್ತಿದ್ದರು. ಕೊಳವೆಯಲ್ಲಿ ಉಳಿದ ನೀರು ಆ ಹಾಲಿನೊಡನೆ ಸೇರುತ್ತಿತ್ತು. ಲೆಕ್ಕ ನೋಡಿ: ಯಂತ್ರ ಎಳೆದುಕೊಳ್ಳುವುದು 20 ಮಿ.ಲೀ. ಎಂದಿಟ್ಟುಕೊಂಡರೆ ಅದರಲ್ಲಿ 1 ಮಿ.ಲೀ. ನೀರಿದ್ದರೂ 8.4 ಇರುವ ಹಾಲು 8.0 ಆಗಿಬಿಡುತ್ತದೆ. ಜಿಡ್ಡು 4.0 ಇದ್ದರೆ 3.8 ಆಗುತ್ತದೆ. ನಾವು ಬೇರೊಬ್ಬರ ಹಾಲನ್ನು ನೀರಿನ ನಂತರ ಮೊದಲಿಗೆ ಕೊಟ್ಟು ನೋಡಿದೆವು. ಅದೂ ಹಾಗೆಯೇ ಇಳಿಯಿತು. ಎರಡನೆಯ ಸಲಕ್ಕೆ ಸರಿಯಾಯಿತು. ನೀರು ಹಾಕಿದ್ದು ನಿಜ, ಹಾಕಿದ್ದು ಯಂತ್ರ.

ಆದ್ದರಿಂದ ತೊಳೆದ ನಂತರ ಮೊದಲ ಲೋಟ ಹಾಲನ್ನು, ಯಾರದ್ದೇ ಆಗಲಿ, ಬರಿದೆ ಎಳೆಸಿ ಹೊರಗೆ ಬಿಡಬೇಕು. ಅದರ ಓದನ್ನು ದಾಖಲಿಸಬಾರದು. ಎಮ್ಮೆ ಹಾಲಿನ ಹಿಂದೆಯೇ ಹಸುವಿನ ಹಾಲು ಬಂದರೂ ಇದೇ ಕ್ರಮ, ಇಲ್ಲದಿದ್ದರೆ ಹಿಂದಿನವರ ಜಿಡ್ಡು ಸ್ವಲ್ಪ ಮುಂದಿನವರಿಗೆ ಹೋಗುತ್ತದೆ. ಒಂದು ಲೋಟ ಹಾಲು ನಷ್ಟವಾಗುತ್ತದೆಂದು ಲೆಕ್ಕ ಹೇಳುವ ಕಾರ್ಯದರ್ಶಿಗಳಿದ್ದಾರೆ. ಒಬ್ಬ ಸದಸ್ಯರ ಮರ್ಯಾದೆಗೆ ಹೋಲಿಸಿದರೆ ಅದು ಏನೂ ಅಲ್ಲ. ನಿಮ್ಮ ಸಂಘದಲ್ಲಿ ದಿನವೂ ಮೊದಲು ನಿಲ್ಲುವವರು ಯಾರೆಂದು ನೋಡಿ, ಅವರ ಚೀಟಿಯನ್ನೊಮ್ಮೆ ಪರಿಶೀಲಿಸಿ.

ಓದು ಚೆಲ್ಲಾಪಿಲ್ಲಿಯಾಗಲು ಕಾರಣಗಳು

ಅದೇ ಹಾಲಿಗೆ ಬೇರೆ ಬೇರೆ ಓದು ಬಂದರೆ ಮೊದಲು ಅನುಮಾನಿಸಬೇಕಾದದ್ದು ಗಾಳಿ. ಆಗ ತಾನೇ ಕರೆದ ನೊರೆ ಹಾಲನ್ನು ದಡಬಡ ಸುರಿದು ಕೂಡಲೇ ಮಾದರಿ ತೆಗೆದರೆ ಸಣ್ಣ ಗುಳ್ಳೆಗಳು ಒಳಗೆ ಹೋಗುತ್ತವೆ. ಎಳೆಯುವ ಕೊಳವೆಯ ತುದಿ ಹಾಲಿನಲ್ಲಿ ಪೂರ್ತಿ ಮುಳುಗಿರದಿದ್ದರೂ, ಕೊಳವೆಯ ಜಾಯಿಂಟ್ ಸಡಿಲವಿದ್ದರೂ, ಪಂಪಿನ ರಬ್ಬರ್ ನಳಿಕೆ ಸವೆದು ಬಿರುಕು ಬಿಟ್ಟಿದ್ದರೂ ಅದೇ ಕತೆ. ರಬ್ಬರ್ ನಳಿಕೆ ಸವೆಯುವ ವಸ್ತು. ಅದು ಒಡೆದ ಮೇಲೆ ಬದಲಾಯಿಸುವುದಲ್ಲ, ಯಂತ್ರದ ಕೈಪಿಡಿಯಲ್ಲಿ ಹೇಳಿದ ಅವಧಿಗೆ ಬದಲಾಯಿಸಬೇಕು. ಒಂದು ಜೊತೆ ನಳಿಕೆ ಸಂಘದ ಬೀರುವಿನಲ್ಲಿ ಸದಾ ಇರಲಿ.

ಎರಡನೆಯದು ಮಾದರಿ ತೆಗೆಯುವ ರೀತಿ. ಹಾಲು ಅರ್ಧ ಗಂಟೆ ಅಲುಗದೆ ನಿಂತರೆ ಕೆನೆ ಮೇಲೇರಲು ತೊಡಗುತ್ತದೆ. ಮೇಲಿನಿಂದ ತೆಗೆದರೆ ಜಿಡ್ಡು ಹೆಚ್ಚು, ತಳದಿಂದ ತೆಗೆದರೆ ಕಡಿಮೆ. ಇದರಲ್ಲಿ ಯಂತ್ರದ್ದೇನೂ ತಪ್ಪಿಲ್ಲ, ಕೊಟ್ಟ ಹಾಲನ್ನು ಅದು ಸರಿಯಾಗಿಯೇ ಓದಿದೆ. ತಂಪಿನಲ್ಲಿಟ್ಟ ಹಾಲಿನಲ್ಲಿ ಜಿಡ್ಡು ಗಟ್ಟಿಯಾಗಿ ಬಾಟಲಿಯ ಗೋಡೆಗೆ ಅಂಟಿರುತ್ತದೆ. ಅದನ್ನು ಬಿಸಿನೀರಿನಲ್ಲಿಟ್ಟು ಸುಮಾರು 40 ಡಿಗ್ರಿಗೆ ತಂದು, ನಿಧಾನವಾಗಿ ಬೆರೆಸಿ, ಆರಿಸಿದ ಮೇಲೆ ಪರೀಕ್ಷಿಸಬೇಕು.

ಮೂರನೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದು, ಕೊಳೆ. ಯಂತ್ರದ ಒಳಗೆ ಹಾಲು ಬಿಸಿಯಾಗುತ್ತದೆ. ಬಿಸಿಯಾದಲ್ಲೆಲ್ಲ ಸಸಾರಜನಕ ಮತ್ತು ಲವಣ ಸೇರಿ ಗಾರೆಯಂತೆ ಕಟ್ಟಿಕೊಳ್ಳುತ್ತವೆ. ನೀವು ಹಾಲು ಕಾಯಿಸುವ ಪಾತ್ರೆಯ ತಳ ನೋಡಿಲ್ಲವೇ? ಅದೇ. ಜೊತೆಗೆ ನಮ್ಮ ಜಿಲ್ಲೆಯ ಎಷ್ಟೋ ಕಡೆ ಬೋರ್‌ವೆಲ್ ನೀರು ಗಡಸು. ಆ ನೀರಿನಲ್ಲಿಯೇ ವರ್ಷಗಟ್ಟಲೆ ತೊಳೆದರೆ ಸುಣ್ಣವೂ ಸೇರಿಕೊಳ್ಳುತ್ತದೆ. ಇದರ ಲಕ್ಷಣ ಸ್ಪಷ್ಟವಾಗಿದೆ: ಬೆಳಗ್ಗೆ ಪ್ರಾರಂಭದಲ್ಲಿ ಸರಿಯಿದ್ದ ಓದು, ಐವತ್ತು ಅರವತ್ತು ಸದಸ್ಯರು ಮುಗಿಯುವ ಹೊತ್ತಿಗೆ ಒಂದೇ ಕಡೆಗೆ ಜಾರುತ್ತಾ ಹೋಗುತ್ತದೆ. ಶುದ್ಧ ನೀರನ್ನು ಪರೀಕ್ಷಿಸಿದರೆ ಜಿಡ್ಡೂ ಎಸ್.ಎನ್.ಎಫ್. ಕೂಡ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಕೊಳೆ ಇದೆ ಎಂದೇ ತಿಳಿಯಿರಿ.

ತೊಳೆಯುವುದು ಹೀಗೆ. ಸರದಿ ಮುಗಿದ ಕೂಡಲೇ, ಹಾಲು ಒಣಗುವ ಮೊದಲು, ಉಗುರು ಬೆಚ್ಚಗಿನ ನೀರು ಎಳೆಸಿ. ಕುದಿಯುವ ನೀರು ಹಾಕಿದರೆ ಉಳಿದ ಹಾಲು ಅಲ್ಲೇ ಬೆಂದು ಅಂಟುತ್ತದೆ. ನಂತರ ಯಂತ್ರದೊಡನೆ ಕೊಟ್ಟಿರುವ ಕ್ಷಾರದ ದ್ರಾವಣ, ಅದರ ಮೇಲೆ ಮತ್ತೆ ಧಾರಾಳವಾಗಿ ನೀರು. ಕ್ಷಾರ ಜಿಡ್ಡನ್ನೂ ಸಸಾರಜನಕವನ್ನೂ ತೆಗೆಯುತ್ತದೆ, ಆದರೆ ಲವಣದ ಗಾರೆಯನ್ನು ತೆಗೆಯದು. ಅದಕ್ಕೆ ವಾರಕ್ಕೊಮ್ಮೆ, ಅಥವಾ ಕೈಪಿಡಿ ಹೇಳಿದಂತೆ, ಆಮ್ಲದ ದ್ರಾವಣ ಬೇಕು. ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಲೇಬಾರದು. ಬಟ್ಟೆ ಸೋಪಿನ ಪುಡಿ ಬೇಡ, ಅದರ ನೊರೆ ನಾಳೆ ಬೆಳಗಿನ ಹಾಲಿಗೂ ಉಳಿಯುತ್ತದೆ. ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಕ್ಕರೆ ಉತ್ತಮ. ಅಂಚಿನ ತಾಲ್ಲೂಕುಗಳಲ್ಲಿ ಸಿಗದಿದ್ದರೆ ಸೋಸಿದ ಮಳೆ ನೀರೂ ಆದೀತು.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕಾಗಿದೆ. ಕೊಳೆ ಕಟ್ಟಿದ ಯಂತ್ರದ ಓದು ಇಳಿದಿದೆ ಎಂದು, ತೊಳೆಯುವ ಬದಲು ಗುಂಡಿ ಒತ್ತಿ 0.2 ಏರಿಸಿಕೊಳ್ಳುವ ಅಭ್ಯಾಸ ಕೆಲವೆಡೆ ಇದೆ. ಮುಂದೆ ಯಾರಾದರೂ ಯಂತ್ರವನ್ನು ಚೆನ್ನಾಗಿ ತೊಳೆದ ದಿನ ಆ 0.2 ಹೆಚ್ಚುವರಿಯಾಗಿ ನಿಂತುಬಿಡುತ್ತದೆ, ಸಂಘ ನಷ್ಟಕ್ಕೆ ಬೀಳುತ್ತದೆ. ಆಗ ಮತ್ತೆ ಇಳಿಸುತ್ತಾರೆ. ಮೂರು ತಿಂಗಳಲ್ಲಿ ಯಂತ್ರ ಎಲ್ಲಿತ್ತು, ಎಲ್ಲಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಹೊಂದಿಸುವ ಕೆಲಸ ತಂತ್ರಜ್ಞರದ್ದು, ಅದೂ ತೊಳೆದ ಮೇಲೆ, ಗರ್ಬರ್ ಓದನ್ನು ಪಕ್ಕದಲ್ಲಿಟ್ಟುಕೊಂಡು. ಹೊಂದಿಸಿದ ದಿನಾಂಕ, ಹಿಂದಿನ ಅಂಕಿ, ಹೊಸ ಅಂಕಿ ಮೂರೂ ಪುಸ್ತಕದಲ್ಲಿರಬೇಕು. ಸದಸ್ಯರು ಆ ಪುಸ್ತಕವನ್ನು ನೋಡಲು ಕೇಳಬಹುದು.

ಹುಳಿಯಾದ ಹಾಲು, ಗಿಣ್ಣು ಹಾಲು ಯಂತ್ರದೊಳಗೆ ಬಿಸಿಯಾದೊಡನೆ ಒಡೆದು ಕೊಳವೆಯನ್ನು ಕಟ್ಟಿಬಿಡುತ್ತವೆ. ಅನುಮಾನವಿದ್ದರೆ ಒಂದು ಚಮಚ ಹಾಲನ್ನು ಮೊದಲು ಕುದಿಸಿ ನೋಡಿ. ಕರು ಹಾಕಿದ ಮೊದಲ ದಿನಗಳ ಗಿಣ್ಣು ಹೇಗಿದ್ದರೂ ಕರುವಿಗೆ ಸೇರಿದ್ದು.

ಹಾಗಾದರೆ ಹಸು ತಪ್ಪುವುದೇ ಇಲ್ಲವೇ?

ತಪ್ಪುತ್ತದೆ. ಯಂತ್ರ ಮೂರು ಸಲವೂ ಒಂದೇ ಓದು ಕೊಟ್ಟು, ನೀರಿಗೆ ಸೊನ್ನೆ ತೋರಿಸಿ, ಗರ್ಬರಿಗೂ ಹೊಂದಿಕೊಂಡಿತೆಂದರೆ ಇನ್ನು ಕೊಟ್ಟಿಗೆಯ ಕಡೆ ತಿರುಗಬೇಕು. ಕರೆಯುವಾಗ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಶೇಕಡಾ 1-2 ರಷ್ಟೇ ಇರುತ್ತದೆ, ಕೊನೆಯ ಹಾಲಿನಲ್ಲಿ 6-7 ಅಥವಾ ಅದಕ್ಕೂ ಮೇಲೆ. ಕರುವಿಗೆಂದು ಕೊನೆಯ ಹಾಲನ್ನು ಬಿಟ್ಟು ಮೊದಲಿನದ್ದನ್ನು ಡೇರಿಗೆ ತಂದರೆ ಚೀಟಿಯಲ್ಲಿ 3.2 ಬರುವುದರಲ್ಲಿ ಆಶ್ಚರ್ಯವೇನು? ಕರುವಿಗೆ ಮೊದಲ ಹಾಲು ಕುಡಿಸಿ, ಕೊನೆಯ ತನಕ ಪೂರ್ತಿ ಕರೆಯಿರಿ. ಕರೆಯುವ ಆಸಾಮಿ ಬದಲಾಗಿ ಹಸು ಸರಿಯಾಗಿ ಸೊರೆ ಬಿಡದಿದ್ದರೂ ಕೊನೆಯ ಹಾಲು ಒಳಗೇ ಉಳಿಯುತ್ತದೆ.

ಸಂಜೆಯಿಂದ ಬೆಳಗಿನವರೆಗೆ 14 ಗಂಟೆ, ಬೆಳಗಿನಿಂದ ಸಂಜೆಯವರೆಗೆ 10 ಗಂಟೆ ಅಂತರವಿದ್ದರೆ ಬೆಳಗಿನ ಹಾಲು ಹೆಚ್ಚು, ಜಿಡ್ಡು ಕಡಿಮೆ. ಆದ್ದರಿಂದ ಬೆಳಗಿನ ಚೀಟಿಯನ್ನು ಬೆಳಗಿನದರೊಡನೆ, ಸಂಜೆಯದನ್ನು ಸಂಜೆಯದರೊಡನೆ ಮಾತ್ರ ಹೋಲಿಸಿ. ಮಳೆ ಬಿದ್ದು ಎಳೆ ಹುಲ್ಲು ಬಂದಾಗ ರಾಗಿ ಹುಲ್ಲು, ಬತ್ತದ ಹುಲ್ಲು ಕಡಿಮೆ ಮಾಡಿ, ಮೇಲೆ ಹಿಂಡಿ ಬೂಸಾ ಸುರಿದರೆ ಜಿಡ್ಡು ಇಳಿಯುತ್ತದೆ. ಜಿಡ್ಡು ತಯಾರಾಗಲು ಹೊಟ್ಟೆಯಲ್ಲಿ ನಾರು ಬೇಕು. ಕೆಚ್ಚಲು ಬಾವು ಒಳಗೊಳಗೇ ಇದ್ದಾಗ ಹಾಲಿನ ಸಕ್ಕರೆ ಕಡಿಮೆಯಾಗಿ ಎಸ್.ಎನ್.ಎಫ್. ಇಳಿಯುತ್ತದೆ. ಒಬ್ಬರ ಎಸ್.ಎನ್.ಎಫ್. ಮಾತ್ರ ಬೆಳಗ್ಗೆ ಸಂಜೆ ಎರಡೂ ಹೊತ್ತು ಇಳಿದಿದ್ದು ಉಳಿದವರದ್ದು ಸರಿಯಿದ್ದರೆ, ನೀರಿನ ಆಪಾದನೆ ಮಾಡುವ ಮೊದಲು ಆ ಹಸುವಿನ ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಇಡೀ ಊರಿನದ್ದು ಒಂದೇ ದಿನ ಇಳಿದಿದ್ದರೆ ಮಾತ್ರ ಯಂತ್ರವನ್ನು ನೋಡಿ. ಐವತ್ತು ಮನೆಯ ಹಸುಗಳು ಮಾತಾಡಿಕೊಂಡು ಒಂದೇ ದಿನ ಜಿಡ್ಡು ಕಡಿಮೆ ಮಾಡುವುದಿಲ್ಲ.

ತೂಕದ ಯಂತ್ರ

ಜಿಡ್ಡಿನ ಗಲಾಟೆಯಲ್ಲಿ ತೂಕವನ್ನು ಯಾರೂ ಗಮನಿಸುವುದಿಲ್ಲ. ತಟ್ಟೆಯ ಕೆಳಗಿರುವ ಲೋಹದ ತುಂಡು ಭಾರಕ್ಕೆ ಕೂದಲೆಳೆಯಷ್ಟು ಬಾಗುತ್ತದೆ. ಆ ಬಾಗುವಿಕೆಯನ್ನು ವಿದ್ಯುತ್ತಿನಿಂದ ಅಳೆಯಲಾಗುತ್ತದೆ. ತುಂಬಿದ ಕ್ಯಾನನ್ನು ದಪ್ಪನೆ ಎತ್ತಿ ಹಾಕಿದರೆ ಆ ತುಂಡು ಶಾಶ್ವತವಾಗಿ ಬಾಗಿ, ಅಲ್ಲಿಂದ ಮುಂದೆ ತೂಕ ನಂಬುವಂತಿಲ್ಲ.

ಪರೀಕ್ಷೆ ಸುಲಭ. ಮುದ್ರೆಯಿರುವ 5 ಕೆ.ಜಿ. ಬೊಟ್ಟನ್ನು ತಟ್ಟೆಯ ನಡುವೆ ಇಟ್ಟು ನೋಡಿ, ಆಮೇಲೆ ನಾಲ್ಕು ಮೂಲೆಗಳಲ್ಲಿ ಒಂದೊಂದಾಗಿ ಇಟ್ಟು ನೋಡಿ. ಐದೂ ಕಡೆ ಒಂದೇ ತೂಕ ಬರಬೇಕು. ಒಂದು ಮೂಲೆಯಲ್ಲಿ ಮಾತ್ರ ವ್ಯತ್ಯಾಸ ಬಂದರೆ ತಟ್ಟೆಯ ಕೆಳಗೆ ಕಲ್ಲು, ವೈರು, ಒಣಗಿದ ಹಾಲು ಸಿಕ್ಕಿಕೊಂಡಿದೆಯೇ ನೋಡಿ, ಮಟ್ಟದ ಗುಳ್ಳೆ ನಡುವಿನಲ್ಲಿದೆಯೇ ನೋಡಿ. ಫ್ಯಾನಿನ ಗಾಳಿಯೂ ಅಂಕಿಯನ್ನು ಕುಣಿಸುತ್ತದೆ. ಪಾತ್ರೆ ಇಟ್ಟು ಸೊನ್ನೆ ಮಾಡಿದ ಮೇಲೆ ಹಾಲು ಸುರಿಯುವ ಮುನ್ನ ಅಂಕಿ ಸೊನ್ನೆಯಲ್ಲಿಯೇ ನಿಂತಿದೆಯೇ ಎಂದು ಸದಸ್ಯರು ಕಣ್ಣಿಟ್ಟು ನೋಡಬೇಕು. ಅದು ನಿಮ್ಮ ಹಕ್ಕು, ಯಾರೂ ತಪ್ಪು ತಿಳಿಯುವುದಿಲ್ಲ.

ಲೀಟರ್ ಮತ್ತು ಕೆ.ಜಿ. ಒಂದೇ ಅಲ್ಲ ಎಂಬುದೂ ನೆನಪಿರಲಿ. ಒಂದು ಲೀಟರ್ ಹಸುವಿನ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಮನೆಯಲ್ಲಿ ಅಳೆದ 10 ಲೀಟರ್, ಡೇರಿಯಲ್ಲಿ ಕೆ.ಜಿ. ಲೆಕ್ಕದಲ್ಲಿ 10.3 ಬರಬೇಕು. ಚೀಟಿಯಲ್ಲಿ ಬರೆದಿರುವುದು ಯಾವುದೆಂದು ನೋಡಿಕೊಳ್ಳಿ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಮತ್ತು ಅದರ ನಿಯಮಗಳಂತೆ ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಮುದ್ರೆ ಒಡೆದು ರಿಪೇರಿ ಮಾಡುವವರು ಪರವಾನಗಿ ಪಡೆದವರೇ ಆಗಿರಬೇಕು, ರಿಪೇರಿಯಾದ ಮೇಲೆ ಮತ್ತೆ ಮುದ್ರೆ ಆಗಬೇಕು. ಪೇಟೆಯ ರೇಡಿಯೋ ಅಂಗಡಿಯವರ ಕೈಗೆ ಕೊಡುವ ಕೆಲಸವಲ್ಲ.

ಕರೆಂಟು, ಸಿಡಿಲು, ಇಲಿ

ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆಯ ಸಿಡಿಲು ಇಂತಹ ಯಂತ್ರಗಳ ದೊಡ್ಡ ಶತ್ರು. ಮೋಡ ಕಟ್ಟಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕಂಪ್ಯೂಟರಿಗೂ ಪ್ರಿಂಟರಿಗೂ ಹೋಗುವ ವೈರುಗಳನ್ನೂ ಬಿಡಿಸಬೇಕು, ಸಿಡಿಲು ಅವುಗಳ ಮೂಲಕವೂ ಬರುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೆರಡು ಸಲವಾದರೂ ನೀರು ಹಾಕಿ. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನು ಕತ್ತರಿಸಿ ಎರಡು ತೂತಿನ ಬೋರ್ಡಿಗೆ ಸಿಕ್ಕಿಸಿರುವುದನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದರೆ ಯಂತ್ರ ಹೋಗಲಿ, ಒದ್ದೆ ಕೈಯಲ್ಲಿ ಮುಟ್ಟುವ ಪರೀಕ್ಷಕರ ಪ್ರಾಣಕ್ಕೇ ಅಪಾಯ.

ಪಕ್ಕದ ಗಿರಣಿಯ ಅಥವಾ ಮೇವು ಕತ್ತರಿಸುವ ಯಂತ್ರದ ಮೋಟಾರ್ ಶುರುವಾದೊಡನೆ ಓದು ಜಿಗಿದರೆ ದೋಷ ಯಂತ್ರದ್ದಲ್ಲ, ವೋಲ್ಟೇಜಿನದು. ಸಂಘದ ಯಂತ್ರವನ್ನು ಬ್ಯಾಟರಿ ಅಥವಾ ಯು.ಪಿ.ಎಸ್. ಮೇಲೆ ನಡೆಸಿ ನೋಡಿ, ಆಗ ಸರಿಬಂದರೆ ವಿಷಯ ಖಚಿತ. ಯಂತ್ರ ಹಾಕಿದ ಮೇಲೆ ಬಿಸಿಯಾಗಲು ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾಯದೆ ಅವಸರ ಮಾಡಿದರೂ ಮೊದಲ ಕೆಲವು ಓದು ತಪ್ಪುತ್ತದೆ. ಇನ್ನು ಯಂತ್ರದ ಒಳಗೆ ಬೆಚ್ಚಗೂ ಇರುತ್ತದೆ, ಹಾಲಿನ ವಾಸನೆಯೂ ಇರುತ್ತದೆ. ಇರುವೆ, ಜಿರಲೆ, ಹಲ್ಲಿ, ಇಲಿ ಎಲ್ಲಕ್ಕೂ ಅದು ಅರಮನೆ! ಚೆಲ್ಲಿದ ಹಾಲನ್ನು ಒರೆಸಿ, ರಾತ್ರಿ ಮುಚ್ಚಿಡಿ.

ಇಡೀ ಸಂಘದ ಲೆಕ್ಕ ನೋಡುವುದು

ಒಬ್ಬೊಬ್ಬರ ಚೀಟಿ ಏನೇ ಹೇಳಲಿ, ಯಂತ್ರ ಒಟ್ಟಾರೆ ಯಾವ ಕಡೆಗೆ ವಾಲಿದೆ ಎಂದು ಹೇಳುವ ಇನ್ನೊಂದು ಸಾಕ್ಷಿ ಇದೆ. ಸದಸ್ಯರಿಂದ ಕೊಂಡ ಜಿಡ್ಡಿನ ಮೊತ್ತ ಮತ್ತು ಒಕ್ಕೂಟ ಆ ಹಾಲಿಗೆ ಕೊಟ್ಟ ಜಿಡ್ಡಿನ ಮೊತ್ತ, ಇವೆರಡನ್ನು ಪಕ್ಕಪಕ್ಕದಲ್ಲಿಡಿ. ಉದಾಹರಣೆಗೆ ಒಂದು ಹೊತ್ತಿಗೆ 300 ಕೆ.ಜಿ. ಹಾಲು. ಸದಸ್ಯರ ಸರಾಸರಿ 4.1 ಎಂದರೆ ಜಿಡ್ಡು 12.3 ಕೆ.ಜಿ. ಒಕ್ಕೂಟದ ಪರೀಕ್ಷೆಯಲ್ಲಿ 3.9 ಬಂದರೆ 11.7 ಕೆ.ಜಿ. ಒಂದೇ ಹೊತ್ತಿಗೆ 0.6 ಕೆ.ಜಿ. ಜಿಡ್ಡಿನ ಹಣವನ್ನು ಸಂಘ ಕೈಯಿಂದ ಕೊಟ್ಟಂತಾಯಿತು. ತಿರುಗುಮುರುಗಾಗಿ ಸದಸ್ಯರ ಸರಾಸರಿ 3.7 ಇದ್ದು ಒಕ್ಕೂಟದಲ್ಲಿ 3.9 ಬರುತ್ತಿದ್ದರೆ ಸಂಘಕ್ಕೆ ಲಾಭ ಕಾಣುತ್ತದೆ, ಕಾರ್ಯದರ್ಶಿಗಳಿಗೆ ಶಹಬಾಸ್‌ಗಿರಿಯೂ ಸಿಗುತ್ತದೆ. ಆದರೆ ಆ 0.6 ಕೆ.ಜಿ. ನಿಮ್ಮ ಕೊಟ್ಟಿಗೆಯದು. ನಷ್ಟ ಬಂದಾಗ ಯಂತ್ರವನ್ನು ನೋಡುವವರು ಲಾಭ ಬಂದಾಗಲೂ ನೋಡಬೇಕೆಂದು ನನ್ನ ಅಭಿಪ್ರಾಯ.

ಒಂದೆರಡು ದಿನದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಹದಿನೈದು ದಿನ ಒಂದೇ ಕಡೆಗೆ ಇದ್ದರೆ ಅರ್ಥವಿದೆ. ಸರಾಸರಿ ಹಾಕುವಾಗ ಒಂದು ಎಚ್ಚರಿಕೆ. 2 ಕೆ.ಜಿ. ಎಮ್ಮೆ ಹಾಲು 6.0, 8 ಕೆ.ಜಿ. ಹಸುವಿನ ಹಾಲು 3.5 ಇದ್ದರೆ, ಎರಡನ್ನೂ ಕೂಡಿ ಎರಡರಿಂದ ಭಾಗಿಸಿ 4.75 ಎನ್ನಬಾರದು. 2ನ್ನು 6.0ರಿಂದ ಗುಣಿಸಿದರೆ 12, 8ನ್ನು 3.5ರಿಂದ ಗುಣಿಸಿದರೆ 28, ಒಟ್ಟು 40. ಇದನ್ನು 10 ಕೆ.ಜಿ.ಯಿಂದ ಭಾಗಿಸಿದರೆ 4.0. ಇದೇ ಸರಿಯಾದ ಸರಾಸರಿ. ಈ ಲೆಕ್ಕ ಬಾರದ ಕಾರಣಕ್ಕೆ ಯಂತ್ರದ ಮೇಲೆ ದೂರು ಬಂದದ್ದೂ ಉಂಟು.

ದೂರು ಕೊಡುವಾಗ

"ಮಿಷಿನ್ ಕೆಟ್ಟಿದೆ, ಬನ್ನಿ" ಎಂದು ಫೋನ್ ಮಾಡಿದರೆ ತಂತ್ರಜ್ಞರು ಯಾವ ಬಿಡಿಭಾಗ ತರಬೇಕೆಂದು ತಿಳಿಯದೆ ಬರಿಗೈಯಲ್ಲಿ ಬರುತ್ತಾರೆ, ಮತ್ತೊಂದು ದಿನ ವ್ಯರ್ಥ. ಫೋನಿಗೆ ಮುಂಚೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದಿಟ್ಟುಕೊಳ್ಳಿ: ಯಂತ್ರದ ಕ್ರಮಸಂಖ್ಯೆ, ಪರದೆಯ ಮೇಲೆ ಕಂಡ ಸೂಚನೆಯ ಅಕ್ಷರಗಳು ಇದ್ದದ್ದು ಇದ್ದಂತೆ, ಶುದ್ಧ ನೀರಿನ ಓದು, ಒಂದೇ ಹಾಲಿನ ಮೂರು ಓದು, ಗರ್ಬರ್ ಆಗಿದ್ದರೆ ಅದರ ಅಂಕಿ, ಕೊನೆಯ ಸಲ ಆಮ್ಲದಿಂದ ತೊಳೆದ ದಿನ, ನಳಿಕೆ ಬದಲಾಯಿಸಿದ ದಿನ, ದೋಷ ಬೆಳಗ್ಗೆಯೋ ಸಂಜೆಯೋ ಎರಡೂ ಹೊತ್ತೋ. ಯಂತ್ರ ರಿಪೇರಿಗೆ ಹೋದ ದಿನಗಳಲ್ಲಿ ಹಿಂದಿನ ಸರಾಸರಿ ಹಾಕಿ ಲೆಕ್ಕ ಮುಗಿಸುವುದಕ್ಕಿಂತ ಬೀರುವಿನಲ್ಲಿರುವ ಬ್ಯುಟಿರೋಮೀಟರುಗಳನ್ನು ಹೊರಗೆ ತೆಗೆಯುವುದು ಮೇಲು. ಗರ್ಬರ್ ಮಾಡಲು ಬರುವ ಒಬ್ಬರಾದರೂ ಪ್ರತಿ ಸಂಘದಲ್ಲಿ ಇರಬೇಕು. ನಿಮ್ಮ ಸಂಘದಲ್ಲಿ ಈಗ ಯಾರೂ ಇಲ್ಲದಿದ್ದರೆ ಕಾರ್ಯದರ್ಶಿಗಳು ಮಾರ್ಗದ ವಿಸ್ತರಣಾಧಿಕಾರಿಗಳಿಗೆ ತಿಳಿಸಿ. ಸಂಘದಲ್ಲಿಯೇ ಅರ್ಧ ದಿನದಲ್ಲಿ ಕಲಿಸಿಕೊಡಬಹುದು. ಕಲಿಯುವವರು ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಆಮ್ಲ ಬಿದ್ದ ಕಡೆ ತೂತಾಗುತ್ತದೆ.